ಶಿಕಾಗೋ ಸುತ್ತಲಿನ ಊರುಗಳು: ರೈಲಿನಲ್ಲೂ ಕಾರಿನಲ್ಲೂ ನೋಡಿ ಬರಲು ಸಮಗ್ರ ಮಾರ್ಗದರ್ಶಿ

ಶಿಕಾಗೋ ಎಂದರೆ ಹೆಚ್ಚಿನವರಿಗೆ ಲೂಪ್ ಪ್ರದೇಶದ ಗಗನಚುಂಬಿಗಳು, ಮಿಲೇನಿಯಂ ಪಾರ್ಕು, ಮಿಶಿಗನ್ ಸರೋವರದ ದಂಡೆ, ಅಷ್ಟೇ. ಸುತ್ತಲಿನ ಊರುಗಳಲ್ಲಿ ಒಂದೇ ಅಚ್ಚಿನ ಮನೆಗಳೂ ಪಾರ್ಕಿಂಗ್ ಲಾಟುಗಳೂ ಬಿಟ್ಟರೆ ಏನಿದೆ ಎಂಬ ಭಾವನೆ ಅಲ್ಲೇ ವರ್ಷಗಟ್ಟಲೆ ಇರುವ ನಮ್ಮವರಲ್ಲೂ ಇದೆ. ಹೆದ್ದಾರಿಯಲ್ಲಿ ಹೋಗಿ ಹೆದ್ದಾರಿಯಲ್ಲೇ ಬರುವವರಿಗೆ ಹಾಗೆ ಕಾಣುವುದು ಸಹಜ. ಆದರೆ ಈ ಊರುಗಳಲ್ಲಿ ಎಷ್ಟೋ ಶಿಕಾಗೋದಷ್ಟೇ ಹಳೆಯವು, ರೈಲಿನ ಜೊತೆಗೇ ಬೆಳೆದವು. ಅವುಗಳ ನಿಜವಾದ ಮುಂಬಾಗಿಲು ರೈಲು ನಿಲ್ದಾಣ. ಯಾವ ಊರಿಗೆ ರೈಲು, ಯಾವ ಊರಿಗೆ ಕಾರು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ನೋಡಬೇಕಾದದ್ದು: ರೈಲಿನ ಊರೋ, ಹೆದ್ದಾರಿಯ ಊರೋ

ಮೊಬೈಲಿನ ನಕ್ಷೆಯಲ್ಲಿ ಊರಿನ ರೈಲು ನಿಲ್ದಾಣವನ್ನು ಹುಡುಕಿ. ಅದರ ಸುತ್ತ ಅರ್ಧ ಮೈಲಿ, ಅಂದರೆ 800 ಮೀಟರ್ ಒಳಗೆ ಏನಿದೆ ನೋಡಿ. ಚೌಕಚೌಕವಾದ ಚಿಕ್ಕ ಬೀದಿಗಳು, ಒತ್ತೊತ್ತಾಗಿ ನಿಂತ ಅಂಗಡಿಗಳು, ಗ್ರಂಥಾಲಯ, ಚರ್ಚು, ಅಂಚೆ ಕಚೇರಿ ಕಂಡರೆ ಅದು ರೈಲಿನ ಊರು. ಓಕ್ ಪಾರ್ಕ್, ಎವನ್‌ಸ್ಟನ್, ನೇಪರ್‌ವಿಲ್, ಜಿನೀವಾ, ವ್ಹೀಟನ್, ವುಡ್‌ಸ್ಟಾಕ್ ಈ ಬಗೆಯವು. ಇವನ್ನು ನಡೆದೇ ನೋಡಬೇಕು.

ನಿಲ್ದಾಣದ ಸುತ್ತ ಪಾರ್ಕಿಂಗ್ ಜಾಗವೂ ಆರು ಲೇನಿನ ರಸ್ತೆಯೂ ಮಾತ್ರ ಕಂಡರೆ ಅದು ಹೆದ್ದಾರಿಯ ಊರು. ಶಾಂಬರ್ಗ್ ಒಳ್ಳೆಯ ಉದಾಹರಣೆ. ಅಲ್ಲಿ ಉಪನಗರ ರೈಲಾದ ಮೆಟ್ರಾದ ನಿಲ್ದಾಣವಿದೆ ನಿಜ, ಆದರೆ ಎಲ್ಲರೂ ನೋಡಲು ಹೋಗುವ ವುಡ್‌ಫೀಲ್ಡ್ ಮಾಲ್ ಅಲ್ಲಿಂದ ಹಲವು ಮೈಲಿ ದೂರ. ನೇಪರ್‌ವಿಲ್‌ನ ಅಂಚಿನಲ್ಲಿರುವ ‘ರೂಟ್ 59’ ನಿಲ್ದಾಣದ ಕಥೆಯೂ ಇದೇ. ಪಟೇಲ್ ಬ್ರದರ್ಸ್, ಮಾಲ್ ಆಫ್ ಇಂಡಿಯಾ ಮುಂತಾದ ಭಾರತೀಯ ಅಂಗಡಿಗಳು ಆ ಪಟ್ಟಣದಲ್ಲೇ ಇದ್ದರೂ ಸಾಮಾನಿನ ಚೀಲ ಹಿಡಿದು ನಿಲ್ದಾಣಕ್ಕೆ ನಡೆಯುತ್ತೇನೆ ಎಂದರೆ ಆಗದು. ರಸ್ತೆ ಅಗಲ, ದಾಟುವ ಜಾಗ ದೂರ, ಕೆಲವು ಕಡೆ ಕಾಲುದಾರಿಯೇ ಇಲ್ಲ.

ಯಾವ ಗೆರೆ, ಯಾವ ನಿಲ್ದಾಣ

ಉಪನಗರಗಳಿಗೆ ಹೋಗುವ ಮೆಟ್ರಾ ರೈಲಿಗೆ 11 ಮಾರ್ಗಗಳಿವೆ, ಡೌನ್‌ಟೌನ್‌ನಲ್ಲಿ ನಾಲ್ಕು ಬೇರೆಬೇರೆ ನಿಲ್ದಾಣಗಳಿಂದ ಅವು ಹೊರಡುತ್ತವೆ. ಹೊಸಬರ ಮೊದಲ ಎಡವಟ್ಟು ಇಲ್ಲೇ: ಇರುವುದು ಒಂದೇ ನಿಲ್ದಾಣ ಎಂದುಕೊಂಡು ಯೂನಿಯನ್ ಸ್ಟೇಷನ್ನಿಗೆ ಹೋಗುತ್ತಾರೆ, ಅವರ ರೈಲು ಬೇರೆ ಕಡೆಯಿಂದ ಹೊರಟುಹೋಗಿರುತ್ತದೆ.

ನೇಪರ್‌ವಿಲ್, ಅರೋರಾ ಕಡೆಯ ಬಿಎನ್‌ಎಸ್‌ಎಫ್ ಮಾರ್ಗಕ್ಕೆ ಯೂನಿಯನ್ ಸ್ಟೇಷನ್. ಜಿನೀವಾ, ವುಡ್‌ಸ್ಟಾಕ್, ಕೆನೋಶಾ ಕಡೆಯ ಮೂರು ಯೂನಿಯನ್ ಪೆಸಿಫಿಕ್ ಮಾರ್ಗಗಳಿಗೆ ಓಗಲ್ವೀ. ಈ ಎರಡು ನಿಲ್ದಾಣಗಳು ಕೆನಾಲ್ ಬೀದಿಯಲ್ಲಿ ಹತ್ತಿರಹತ್ತಿರ ಇರುವುದರಿಂದ ತಪ್ಪಿದರೂ ಓಡಿ ಸೇರಬಹುದು. ಜೋಲಿಯೆಟ್‌ಗೆ ಹೋಗುವ ರಾಕ್ ಐಲೆಂಡ್ ಮಾರ್ಗ ಲಸಾಲ್ ಸ್ಟ್ರೀಟ್ ನಿಲ್ದಾಣದ್ದು. ಇಂಡಿಯಾನಾ ಕಡೆ ಹೋಗುವ ಸೌತ್ ಶೋರ್ ರೈಲು ಮಿಲೇನಿಯಂ ಸ್ಟೇಷನ್ನಿನದು, ಅದು ಮೆಟ್ರಾ ಅಲ್ಲ, ಟಿಕೆಟ್ಟೂ ಬೇರೆ. ಯೂನಿಯನ್ ಸ್ಟೇಷನ್ನಿನ ಒಳಗೂ ಉತ್ತರ, ದಕ್ಷಿಣ ಎಂದು ಎರಡು ಭಾಗಗಳಿವೆ. ಅರೋರಾ ರೈಲು ದಕ್ಷಿಣದ್ದು, ಮಿಲ್ವಾಕಿ ರೈಲು ಉತ್ತರದ್ದು.

ಓಕ್ ಪಾರ್ಕ್, ಎವನ್‌ಸ್ಟನ್, ವಿಲ್ಮೆಟ್ ಮುಂತಾದ ಹತ್ತಿರದ ಊರುಗಳಿಗೆ ಇದಾವುದೂ ಬೇಡ. ನಗರದೊಳಗೆ ಓಡಾಡುವ ಸಿಟಿಎ ರೈಲೇ ಅಲ್ಲಿಗೆ ಹೋಗುತ್ತದೆ.

ಟಿಕೆಟ್

ವೆಂಟ್ರಾ ಆ್ಯಪ್ ಹಾಕಿಕೊಂಡರೆ ಮೆಟ್ರಾ ಟಿಕೆಟ್ ಅದರಲ್ಲೇ ಸಿಗುತ್ತದೆ. 2024ರ ಫೆಬ್ರವರಿಯಿಂದ ದರವನ್ನು ನಾಲ್ಕು ವಲಯಗಳಾಗಿ ಸರಳಗೊಳಿಸಿದರು. ಆ ಪಟ್ಟಿಯಂತೆ ಡೌನ್‌ಟೌನ್‌ನಿಂದ ಎರಡನೇ ವಲಯಕ್ಕೆ 3.75, ಮೂರನೆಯದಕ್ಕೆ 5.50, ಅತಿ ದೂರದ ನಾಲ್ಕನೆಯದಕ್ಕೆ 6.75 ಡಾಲರ್ ಇತ್ತು. ಸುತ್ತಾಟಕ್ಕೆ ಹೇಳಿ ಮಾಡಿಸಿದ್ದು ವಾರಾಂತ್ಯದ ಪಾಸ್: ಆ ಪಟ್ಟಿಯಲ್ಲಿ ಒಂದು ದಿನಕ್ಕೆ 7 ಡಾಲರ್, ಶನಿವಾರ ಭಾನುವಾರ ಎರಡಕ್ಕೂ ಸೇರಿ 10 ಡಾಲರ್ ಇತ್ತು. ಎಷ್ಟು ದೂರವಾದರೂ, ಎಷ್ಟು ಸಲ ಹತ್ತಿ ಇಳಿದರೂ ಅಷ್ಟೇ. ಅರೋರಾಕ್ಕೆ ಹೋಗಿ ಬರುವುದೊಂದಕ್ಕೇ ಇದು ಅಗ್ಗ. ದಾರಿಯಲ್ಲಿ ಎರಡು ಮೂರು ಊರಲ್ಲಿ ಇಳಿದರಂತೂ ಇನ್ನೂ ಲಾಭ. ವಾರಾಂತ್ಯದಲ್ಲಿ 11 ವರ್ಷದವರೆಗಿನ ಮೂರು ಮಕ್ಕಳ ತನಕ ಟಿಕೆಟ್ ಕೊಂಡ ದೊಡ್ಡವರ ಜೊತೆ ಉಚಿತವಾಗಿ ಬರಬಹುದು. ದರ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ರಾತ್ರಿ ಆ್ಯಪಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಎರಡು ಎಚ್ಚರಿಕೆ. ಆ್ಯಪಿನಲ್ಲಿ ಟಿಕೆಟ್ ಕೊಂಡರೆ ಸಾಲದು, ರೈಲು ಹತ್ತುವ ಮೊದಲು ಅದನ್ನು ‘ಆ್ಯಕ್ಟಿವೇಟ್’ ಮಾಡಬೇಕು. ಇನ್ನೊಂದು, ಸಿಟಿಎ ಗೇಟಿನಲ್ಲಿ ಮುಟ್ಟಿಸುವ ಕಾರ್ಡನ್ನು ಮೆಟ್ರಾದಲ್ಲಿ ಹಾಗೇ ಮುಟ್ಟಿಸಿ ಪಯಣಿಸಲಾಗದು. ಮೆಟ್ರಾದಲ್ಲಿ ಗೇಟೇ ಇಲ್ಲ, ಕಂಡಕ್ಟರ್ ಬಂದು ನೋಡುತ್ತಾರೆ.

ವೇಳಾಪಟ್ಟಿ ಓದುವಾಗ ತಪ್ಪುವುದೆಲ್ಲಿ

ಊರು ಚೆನ್ನಾಗಿದ್ದರೂ ದಿನ ಹಾಳಾಗುವುದು ವೇಳಾಪಟ್ಟಿಯಿಂದ. ಹಾಗಾಗಿ ಈ ಭಾಗಕ್ಕೆ ಹತ್ತು ನಿಮಿಷ ಕೊಡಿ.

ಮೊದಲು ವಾಪಸಿನ ರೈಲು ಆರಿಸಿ, ಆಮೇಲೆ ಹೋಗುವ ರೈಲು. ಭಾನುವಾರ ಸಂಜೆ ಕೆಲವು ಮಾರ್ಗಗಳಲ್ಲಿ ಎರಡು ಗಂಟೆಗೊಂದೇ ರೈಲು. ಒಂದು ನಿಮಿಷ ತಡವಾದರೆ ಮುಚ್ಚಿದ ಅಂಗಡಿಗಳ ಬೀದಿಯಲ್ಲಿ ಎರಡು ಗಂಟೆ ಕೂರಬೇಕು. ಕೊನೆಯ ರೈಲನ್ನು ನೆಚ್ಚಬೇಡಿ, ಅದರ ಹಿಂದಿನದಕ್ಕೆ ಹೊರಡುವಂತೆ ಇಟ್ಟುಕೊಳ್ಳಿ.

ಶನಿವಾರ ಭಾನುವಾರ ರೈಲೇ ಇಲ್ಲದ ಮಾರ್ಗವೂ ಇದೆ. ಲೆಮಾಂಟ್, ಲಾಕ್‌ಪೋರ್ಟ್ ಮೂಲಕ ಜೋಲಿಯೆಟ್‌ಗೆ ಹೋಗುವ ಹೆರಿಟೇಜ್ ಕಾರಿಡಾರ್ ವಾರದ ದಿನಗಳಲ್ಲಿ ಕಚೇರಿಗೆ ಹೋಗಿಬರುವವರಿಗಾಗಿಯೇ ಓಡುತ್ತದೆ. ನಕ್ಷೆಯಲ್ಲಿ ಗೆರೆ ಕಂಡಿತೆಂದು ಭಾನುವಾರ ಲೆಮಾಂಟ್ ದೇವಸ್ಥಾನಕ್ಕೆ ಹೊರಟು ನಿರಾಶರಾಗುವವರು ಬಹಳ. ಜೋಲಿಯೆಟ್‌ಗಾದರೆ ಅದೇ ದಿನ ರಾಕ್ ಐಲೆಂಡ್ ರೈಲಿದೆ.

ರೈಲಿನ ಮುಖದ ಮೇಲೆ ಮಾರ್ಗದ ಹೆಸರಿದ್ದರೂ ಅದು ಕೊನೆಯವರೆಗೆ ಹೋಗುತ್ತದೆ ಎಂದೇನೂ ಇಲ್ಲ. ಉತ್ತರದ ಯೂನಿಯನ್ ಪೆಸಿಫಿಕ್ ಮಾರ್ಗದಲ್ಲಿ ಬಹುಪಾಲು ರೈಲುಗಳು ವಾಕೀಗನ್‌ನಲ್ಲೇ ನಿಲ್ಲುತ್ತವೆ, ಕೆನೋಶಾ ಮುಟ್ಟುವುದು ಕೆಲವು ಮಾತ್ರ. ವಾರದ ದಿನಗಳಲ್ಲಿ ಎಕ್ಸ್‌ಪ್ರೆಸ್ ರೈಲುಗಳು ನಡುವಿನ ಊರುಗಳನ್ನು ಹಾರಿಸಿಕೊಂಡು ಹೋಗುತ್ತವೆ. ನಿಮ್ಮ ಊರಿನ ಸಾಲಿನಲ್ಲಿ ಸಮಯ ಬರೆದಿದೆಯೇ ಎಂದು ಬೆರಳಿಟ್ಟು ನೋಡಿ. ಸಮಯದ ಪಕ್ಕ ‘ಎಫ್’ ಎಂದಿದ್ದರೆ ಇಳಿಯುವವರು ಕಂಡಕ್ಟರಿಗೆ ಮೊದಲೇ ಹೇಳಬೇಕು, ಹತ್ತುವವರು ಚಾಲಕನಿಗೆ ಕಾಣುವಂತೆ ಪ್ಲಾಟ್‌ಫಾರ್ಮಿನ ಮೇಲೆ ನಿಂತಿರಬೇಕು.

ಯಾವ ಪ್ಲಾಟ್‌ಫಾರ್ಮು ಎಂಬುದೂ ಗೊಂದಲವೇ. ಅಮೆರಿಕದಲ್ಲಿ ರೈಲು ಬಲಗಡೆಯ ಹಳಿಯಲ್ಲಿ ಓಡುತ್ತದೆ. ಆದರೆ ಯೂನಿಯನ್ ಪೆಸಿಫಿಕ್‌ನ ಈ ಮೂರು ಮಾರ್ಗಗಳು ಹಿಂದಿನ ಶಿಕಾಗೋ ಆಂಡ್ ನಾರ್ತ್ ವೆಸ್ಟರ್ನ್ ಕಂಪನಿಯ ಪದ್ಧತಿಯಂತೆ ಈಗಲೂ ನಮ್ಮ ಊರಿನ ಹಾಗೆ ಎಡಗಡೆ ಓಡುತ್ತವೆ. ಉಳಿದ ಮಾರ್ಗಗಳನ್ನು ಬಳಸಿ ರೂಢಿಯಾದವರು ಜಿನೀವಾದಲ್ಲಿ ಎದುರು ಬದಿ ನಿಂತು, ತಮ್ಮ ರೈಲು ಆಚೆ ಬಂದು ಹೋಗುವುದನ್ನು ನೋಡುತ್ತಾರೆ. ಫಲಕ ಓದಿ, ಘೋಷಣೆ ಕೇಳಿ. ಗೇಟು ಬಿದ್ದಿರುವಾಗ ಒಂದು ರೈಲು ಹೋಯಿತೆಂದು ಹಳಿಗೆ ಇಳಿಯಬೇಡಿ. ಪಕ್ಕದ ಹಳಿಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್ಸೋ ಗೂಡ್ಸೋ ಬರುತ್ತಿರುತ್ತದೆ, ನಿಂತ ರೈಲಿನ ಮರೆಯಲ್ಲಿ ಅದು ಕಾಣುವುದಿಲ್ಲ.

ಕೆಲವು ಊರುಗಳ ಪ್ಲಾಟ್‌ಫಾರ್ಮು ಗಿಡ್ಡ, ಎಲ್ಲ ಬೋಗಿಗಳ ಬಾಗಿಲು ತೆರೆಯುವುದಿಲ್ಲ. ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಎದ್ದು ಯಾವ ಬಾಗಿಲು ಎಂದು ಕೇಳಿಕೊಳ್ಳಿ. ಶೌಚಾಲಯ ಎಲ್ಲ ಬೋಗಿಗಳಲ್ಲಿ ಇರುವುದಿಲ್ಲ, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಕಂಡಕ್ಟರನ್ನು ಕೇಳಿ ಆ ಬೋಗಿಯಲ್ಲೇ ಕೂರಿಸಿ. ಮಹಡಿಯ ಮೇಲಿನ ಸೀಟು ಮಕ್ಕಳಿಗೆ ಇಷ್ಟ, ಮಂಡಿ ನೋವಿನವರಿಗೆ ಆ ಮೆಟ್ಟಿಲು ಕಡಿದು.

ಮೊದಲ ಸಲಕ್ಕೆ: ಓಕ್ ಪಾರ್ಕ್, ಅಥವಾ ಎವನ್‌ಸ್ಟನ್ ಮತ್ತು ವಿಲ್ಮೆಟ್

ಸಿಟಿಎ ಗ್ರೀನ್ ಲೈನ್ ಹಿಡಿದು ಓಕ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಕೆಲವೇ ನಿಮಿಷಕ್ಕೆ ಯೂನಿಟಿ ಟೆಂಪಲ್. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಾಂಕ್ರೀಟಿನಲ್ಲಿ ಕಟ್ಟಿಸಿದ ಈ ಪ್ರಾರ್ಥನಾ ಮಂದಿರ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಂದ ಫಾರೆಸ್ಟ್ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆದರೆ ಸಾಲಾಗಿ ಅವರ ವಿನ್ಯಾಸದ ಮನೆಗಳು, ಕೊನೆಗೆ ಅವರೇ 1889ರಲ್ಲಿ ಕಟ್ಟಿಕೊಂಡ ಮನೆ ಮತ್ತು ಆಮೇಲೆ ಅದಕ್ಕೆ ಸೇರಿಸಿದ ಸ್ಟುಡಿಯೊ. ಸ್ಟುಡಿಯೊದ ಒಳಗೆ ಹೋಗಲು ಮಾರ್ಗದರ್ಶಿ ಸಹಿತ ಪ್ರವಾಸದ ಟಿಕೆಟ್ ಬೇಕು. ಬೇಸಿಗೆಯ ವಾರಾಂತ್ಯಕ್ಕೆ ಮುಂಚೆಯೇ ಕಾದಿರಿಸಿ. ಬೀದಿಯ ಉಳಿದ ಮನೆಗಳಲ್ಲಿ ಜನ ವಾಸವಿದ್ದಾರೆ, ಕಾಲುದಾರಿಯಿಂದಲೇ ನೋಡಬೇಕು, ಹುಲ್ಲಿನ ಮೇಲೆ ಹೆಜ್ಜೆ ಇಡಬಾರದು. ಕಾದಂಬರಿಕಾರ ಹೆಮಿಂಗ್ವೇ 1899ರಲ್ಲಿ ಹುಟ್ಟಿದ ಮನೆಯೂ ಇದೇ ನಡಿಗೆಯ ಅಳತೆಯಲ್ಲಿದೆ.

ಇನ್ನೊಂದು ದಿನಕ್ಕೆ ಉತ್ತರದ ದಂಡೆ. ವಾರಾಂತ್ಯದಲ್ಲಿ ಪರ್ಪಲ್ ಲೈನ್ ಡೌನ್‌ಟೌನ್‌ಗೆ ಬರುವುದಿಲ್ಲ. ರೆಡ್ ಲೈನಿನಲ್ಲಿ ಹೊವರ್ಡ್ ತನಕ ಹೋಗಿ ಅಲ್ಲಿ ಬದಲಿಸಿ, ಕೊನೆಯ ನಿಲ್ದಾಣ ಲಿಂಡನ್‌ನಲ್ಲಿ ಇಳಿಯಿರಿ. ಸರೋವರದ ಕಡೆಗೆ ನಡೆದರೆ ಹತ್ತು ನಿಮಿಷದೊಳಗೆ ಬಹಾಯಿ ಮಂದಿರ. ದೆಹಲಿಯ ಕಮಲ ಮಂದಿರ ನೋಡಿದವರಿಗೆ ಈ ಒಂಬತ್ತು ಮುಖದ ಕಟ್ಟಡ ಅದರ ಅಕ್ಕನಂತೆ ಕಾಣುತ್ತದೆ. ಇದು 1953ರಲ್ಲಿ ಪ್ರತಿಷ್ಠಾಪನೆಯಾದದ್ದು. ಪ್ರವೇಶ ಉಚಿತ, ಒಳಗೆ ಮೌನ ಕಾಯಬೇಕು. ಹಿಂದಿರುಗುವಾಗ ಎವನ್‌ಸ್ಟನ್‌ನ ಡೇವಿಸ್‌ನಲ್ಲಿ ಇಳಿದರೆ ಊಟದಂಗಡಿಗಳು, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆವರಣ, ಸರೋವರದ ದಂಡೆಯ ಹಾದಿ, ಎಲ್ಲವೂ ನಡೆದಷ್ಟೇ ದೂರ.

ನೇಪರ್‌ವಿಲ್ ಮತ್ತು ಅರೋರಾ ಒಂದೇ ದಿನದಲ್ಲಿ

ನಮ್ಮವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಮಾರ್ಗ ಇದು. ಬೆಳಗಿನ ರೈಲು ಹಿಡಿದು ಮೊದಲು ದೂರದ ಅರೋರಾಕ್ಕೆ ಹೋಗಿ, ಬರುವಾಗ ನೇಪರ್‌ವಿಲ್‌ನಲ್ಲಿ ಇಳಿಯುವುದೇ ಸರಿಯಾದ ಕ್ರಮ. ದೇವಸ್ಥಾನಕ್ಕೆ ಬೆಳಗ್ಗೆ ಹೊತ್ತು ಚೆನ್ನ, ನದಿ ದಂಡೆಗೆ ಸಂಜೆ ಹೊತ್ತು ಚೆನ್ನ, ಜೊತೆಗೆ ಸಂಜೆ ಮನೆಗೆ ಮರಳುವ ದೂರವೂ ಕಡಿಮೆ.

ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ರೈಲು ಅರೋರಾ ತಲುಪಲು ಸುಮಾರು ಒಂದೂಕಾಲು ಗಂಟೆ ಅಥವಾ ತುಸು ಹೆಚ್ಚು. ಇದು ಇಲಿನಾಯಿಯ ಎರಡನೇ ದೊಡ್ಡ ನಗರ, 2020ರ ಜನಗಣತಿಯಲ್ಲಿ ಜನಸಂಖ್ಯೆ 1,80,542. ನಿಲ್ದಾಣದ ಮಗ್ಗುಲಲ್ಲೇ 1856ರ ಕಾಲದ ಸುಣ್ಣಕಲ್ಲಿನ ರೌಂಡ್‌ಹೌಸ್ ಇದೆ, ರೈಲು ಎಂಜಿನ್ನುಗಳನ್ನು ದುರಸ್ತಿ ಮಾಡುತ್ತಿದ್ದ ದುಂಡನೆಯ ಕಟ್ಟಡ. ಅದನ್ನು ನೋಡದೆ ಟ್ಯಾಕ್ಸಿ ಹತ್ತಬೇಡಿ. ಶ್ರೀ ವೆಂಕಟೇಶ್ವರ ದೇವಸ್ಥಾನ, ಎಲ್ಲರ ಬಾಯಲ್ಲಿ ‘ಅರೋರಾ ಬಾಲಾಜಿ’, ಇರುವುದು ನದಿಯ ಆಚೆ ಸಲಿವನ್ ರಸ್ತೆಯಲ್ಲಿ. ನಡೆಯುವ ದೂರವಲ್ಲ, ಉಬರ್ ಅಥವಾ ಅಂಥದ್ದೇ ಆದ ಲಿಫ್ಟ್ (Lyft) ಟ್ಯಾಕ್ಸಿ ಮಾಡಿ. ಉಪನಗರಗಳ ಪೇಸ್ ಬಸ್ಸುಗಳು ಭಾನುವಾರ ಹಲವು ಮಾರ್ಗಗಳಲ್ಲಿ ಓಡುವುದಿಲ್ಲ. ದೇವಸ್ಥಾನದಿಂದ ಮರಳುವಾಗ ಗಾಡಿ ಬರಲು ತಡವಾಗಬಹುದು, ರೈಲಿಗೆ 45 ನಿಮಿಷ ಇರುವಾಗಲೇ ಕರೆಯಿರಿ. ವಾರದ ದಿನ ಹೋಗುವುದಾದರೆ ಮಧ್ಯಾಹ್ನ ಬಾಗಿಲು ಹಾಕುವ ಹೊತ್ತನ್ನು ಮೊದಲೇ ನೋಡಿಕೊಳ್ಳಿ. ವಾರಾಂತ್ಯದಲ್ಲಿ ಕ್ಯಾಂಟೀನು ಇರುವುದರಿಂದ ಬೆಳಗಿನ ಇಡ್ಲಿ ದೋಸೆಗೆ ಬೇರೆ ಕಡೆ ಹುಡುಕಬೇಕಿಲ್ಲ.

ನೇಪರ್‌ವಿಲ್‌ನಲ್ಲಿ ಇಳಿದು ದಕ್ಷಿಣಕ್ಕೆ ಸುಮಾರು ಕಾಲು ಗಂಟೆ ನಡೆದರೆ ಡೌನ್‌ಟೌನ್. ಅಲ್ಲಿಂದ ಡುಪೇಜ್ ನದಿಯ ಪಕ್ಕ ಇಟ್ಟಿಗೆ ಹಾಸಿದ ರಿವರ್‌ವಾಕ್ ಶುರುವಾಗುತ್ತದೆ. 1831ರಲ್ಲಿ ನೆಲೆಯಾದ ಊರಿಗೆ 150 ವರ್ಷ ತುಂಬಿದಾಗ, 1981ರಲ್ಲಿ, ಊರಿನವರು ಮಾಡಿಕೊಂಡ ಹಾದಿ ಇದು. ಪಶ್ಚಿಮದ ತುದಿಯಲ್ಲಿ ರಾಗ ನುಡಿಸುವ 72 ಲೋಹದ ಗಂಟೆಗಳನ್ನು ತೂಗುಹಾಕಿದ ಕ್ಯಾರಿಲನ್ ಗೋಪುರ, ಅದರ ಸಮೀಪ ಹಳೇ ಕಲ್ಲುಕ್ವಾರಿಯನ್ನೇ ಈಜುಕೊಳ ಮಾಡಿದ ಸೆಂಟೆನಿಯಲ್ ಬೀಚ್. ಹಾದಿ ಸಮತಟ್ಟು, ಬೆಂಚುಗಳು ಧಾರಾಳ, ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ನಡಿಗೆ ಈ ಭಾಗದಲ್ಲಿ ಕಡಿಮೆ.

ಫಾಕ್ಸ್ ನದಿಯ ದಂಡೆ: ಜಿನೀವಾ, ಬಟೇವಿಯಾ

ಒಂದೇ ಒಂದು ಊರು ನೋಡಲು ಸಮಯವಿದ್ದರೆ ಜಿನೀವಾಕ್ಕೆ ಹೋಗಿ. ಓಗಲ್ವೀಯಿಂದ ಪಶ್ಚಿಮದ ಮಾರ್ಗದಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಥರ್ಡ್ ಸ್ಟ್ರೀಟ್ ನಿಲ್ದಾಣದ ಬಾಗಿಲಿಂದಲೇ ಶುರು, ಹಳೆಯ ಮನೆಗಳೇ ಅಂಗಡಿಗಳಾಗಿವೆ. ಪೂರ್ವಕ್ಕೆ ಇಳಿದರೆ ನದಿ. ನದಿಯ ಉದ್ದಕ್ಕೂ ನಡೆಯುವವರಿಗೂ ಸೈಕಲ್ಲಿಗೂ ಮೀಸಲಾದ ಫಾಕ್ಸ್ ರಿವರ್ ಟ್ರೇಲ್ ಇದೆ. ದಕ್ಷಿಣಕ್ಕೆ ಹೋದರೆ ಫೇಬಿಯನ್ ಪಾರ್ಕಿನ ಡಚ್ ಮಾದರಿಯ ಗಾಳಿಗಿರಣಿ, ಇನ್ನೂ ಮುಂದೆ ಬಟೇವಿಯಾ. ಮೆಟ್ರಾದಲ್ಲಿ ಸೈಕಲ್ ಒಯ್ಯಬಹುದು. ಜನ ಕಿಕ್ಕಿರಿದಿದ್ದರೆ ಕಂಡಕ್ಟರ್ ಬೇಡ ಎನ್ನಬಹುದು, ಆದ್ದರಿಂದ ಬೆಳಗಿನ ಮೊದಲ ರೈಲುಗಳನ್ನು ಆರಿಸಿ. ಸೈಕಲ್ ಇದ್ದರೆ ಜಿನೀವಾದಲ್ಲಿ ಇಳಿದು ದಂಡೆಯಲ್ಲೇ ಅರೋರಾ ತನಕ ತುಳಿದು, ಅಲ್ಲಿಂದ ಬಿಎನ್‌ಎಸ್‌ಎಫ್ ರೈಲಿನಲ್ಲಿ ಮರಳಬಹುದು. ವಾರಾಂತ್ಯದ ಪಾಸ್ ಎರಡಕ್ಕೂ ಆಗುತ್ತದೆ. ಒಂದೇ ದಾರಿಯಲ್ಲಿ ವಾಪಸು ಬರುವ ಬೇಸರ ತಪ್ಪುತ್ತದೆ.

ಬಟೇವಿಯಾದ ಮಗ್ಗುಲಲ್ಲೇ 1967ರಲ್ಲಿ ಹುಟ್ಟಿದ ಫರ್ಮಿಲ್ಯಾಬ್ ಇದೆ, ಕಣ ಭೌತವಿಜ್ಞಾನದ ರಾಷ್ಟ್ರೀಯ ಪ್ರಯೋಗಾಲಯ. ಅಲ್ಲಿನ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳ ಹಿಂಡನ್ನು ಸಾಕಿದ್ದಾರೆ. ಇದಕ್ಕೆ ಕಾರು ಬೇಕು. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಭಾರತದಿಂದ ಬಂದವರು ಪಾಸ್‌ಪೋರ್ಟ್ ಹಿಡಿದೇ ಹೋಗಬೇಕು. ಸಾರ್ವಜನಿಕರಿಗೆ ಯಾವ ದಿನ ಪ್ರವೇಶ ಎಂಬುದನ್ನು ಅವರ ಜಾಲತಾಣದಲ್ಲಿ ನೋಡದೆ ಹೊರಡಬೇಡಿ.

ಕಾರಿನ ದಿನ: ಲೆಮಾಂಟ್, ಬಾರ್ಟ್‌ಲೆಟ್

ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತಾಡಿದ್ದು ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ, ಡೌನ್‌ಟೌನ್‌ನ ನಡುವೆ. ಆದರೆ ಅವರ ದೊಡ್ಡ ಪ್ರತಿಮೆ ಇರುವುದು ಲೆಮಾಂಟ್‌ನ ಹಿಂದೂ ದೇವಸ್ಥಾನದ ಗುಡ್ಡದ ಮೇಲೆ, 1998ರಲ್ಲಿ ಅನಾವರಣಗೊಂಡದ್ದು. ಆವರಣದಲ್ಲಿ ರಾಮ ದೇವಸ್ಥಾನ, ಗಣೇಶ ಶಿವ ದುರ್ಗಾ ದೇವಸ್ಥಾನ ಎಂದು ಎರಡಿವೆ. ದರ್ಶನವಾದ ಮೇಲೆ ಲೆಮಾಂಟ್‌ನ ಹಳೇ ಪೇಟೆಗೂ ಇಳಿದು ಬನ್ನಿ. 1848ರಲ್ಲಿ ಮುಗಿದ ಇಲಿನಾಯ್ ಮಿಶಿಗನ್ ಕಾಲುವೆ ಅಲ್ಲೇ ಹಾದುಹೋಗುತ್ತದೆ, ಕಟ್ಟಡಗಳೆಲ್ಲ ಆ ನೆಲದಿಂದಲೇ ತೆಗೆದ ಹಳದಿ ಛಾಯೆಯ ಸುಣ್ಣಕಲ್ಲಿನವು. ವಾಯವ್ಯದ ಬಾರ್ಟ್‌ಲೆಟ್‌ನಲ್ಲಿ 2004ರಲ್ಲಿ ತೆರೆದ ಅಮೃತಶಿಲೆಯ ಸ್ವಾಮಿನಾರಾಯಣ ಮಂದಿರವಿದೆ. ಎರಡನ್ನೂ ಒಂದೇ ದಿನಕ್ಕೆ ಹಿಡಿಸಬಹುದು, ಆದರೆ ಮಧ್ಯಾಹ್ನ ಗರ್ಭಗುಡಿ ಮುಚ್ಚುವ ವೇಳೆಗೆ ರಸ್ತೆಯಲ್ಲಿರುವಂತೆ ಲೆಕ್ಕ ಹಾಕಿ.

ಇಲಿನಾಯ್ ಟೋಲ್ ರಸ್ತೆಗಳಲ್ಲಿ ಈಗ ನಗದು ಕಟ್ಟುವ ಬೂತುಗಳಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಟೋಲನ್ನು ತಾನಾಗಿಯೇ ಕಟ್ಟುವ ಐ-ಪಾಸ್ ಸಾಧನ ಇಲ್ಲದವರು 14 ದಿನದೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು, ಇಲ್ಲದಿದ್ದರೆ ದಂಡ. ಬಾಡಿಗೆ ಕಾರಾದರೆ ಟೋಲ್ ಸೌಲಭ್ಯಕ್ಕೆ ದಿನಕ್ಕೆಷ್ಟು ಹಿಡಿಯುತ್ತಾರೆ ಎಂದು ಕೀಲಿ ಪಡೆಯುವ ಮೊದಲೇ ಕೇಳಿ. ಟೋಲಿಗಿಂತ ಆ ಶುಲ್ಕವೇ ಹೆಚ್ಚಾಗುವುದುಂಟು. ಶಿಕಾಗೋ ಸ್ಕೈವೇ, ಇಂಡಿಯಾನಾ ಟೋಲ್ ರೋಡ್ ಬೇರೆಯವರವು, ಅಲ್ಲೂ ಐ-ಪಾಸ್ ನಡೆಯುತ್ತದೆ.

ರಾಜ್ಯದ ಗಡಿ ದಾಟಿ: ಕೆನೋಶಾ, ಮಿಲ್ವಾಕಿ, ಮರಳ ದಿಬ್ಬಗಳು

ವಿಸ್ಕಾನ್ಸಿನ್‌ನ ಕೆನೋಶಾಕ್ಕೆ ಮೆಟ್ರಾ ಪಾಸೇ ಸಾಕು, ಸುಮಾರು ಒಂದು ಮುಕ್ಕಾಲು ಗಂಟೆ. ನಿಲ್ದಾಣದಿಂದ ಬಂದರಿನ ಕಡೆಗೆ ಟ್ರಾಮ್ ಇದೆ. ಟೊರಾಂಟೊದಲ್ಲಿ ಓಡಿದ್ದ ಹಳೆಯ ಗಾಡಿಗಳನ್ನು ತಂದು 2000ದಲ್ಲಿ ಶುರು ಮಾಡಿದ್ದು. ಚಳಿಗಾಲದಲ್ಲಿ ಸೇವೆ ಕಡಿಮೆ.

ಮಿಲ್ವಾಕಿಗೆ ದೂರದ ಊರುಗಳ ರೈಲು ಸಂಸ್ಥೆ ಆ್ಯಮ್‌ಟ್ರಾಕ್‌ನ ಹಯವಾತಾ ರೈಲು, ಒಂದೂವರೆ ಗಂಟೆ. ಅಲ್ಲಿ ವಾಸ್ತುಶಿಲ್ಪಿ ಕ್ಯಾಲಟ್ರಾವಾ ವಿನ್ಯಾಸದ ಕಲಾ ಸಂಗ್ರಹಾಲಯ 2001ರಲ್ಲಿ ತೆರೆಯಿತು. ಸಂಗ್ರಹಾಲಯ ತೆರೆದಿರುವ ದಿನಗಳಲ್ಲಿ ಅದರ ಮೇಲಿನ ರೆಕ್ಕೆಯಾಕಾರದ ಹೊದಿಕೆಗಳು ಮಧ್ಯಾಹ್ನ 12ಕ್ಕೆ ಮಡಚಿ ಬಿಚ್ಚುತ್ತವೆ. ಗಾಳಿ ಜೋರಿದ್ದರೆ ಮುಚ್ಚಿಯೇ ಇರುತ್ತವೆ.

ಇಂಡಿಯಾನಾ ಡ್ಯೂನ್ಸ್ 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸೌತ್ ಶೋರ್ ರೈಲಿನಲ್ಲಿ ಡ್ಯೂನ್ ಪಾರ್ಕ್ ನಿಲ್ದಾಣಕ್ಕೆ ಒಂದೂಕಾಲರಿಂದ ಒಂದೂವರೆ ಗಂಟೆ. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಉದ್ಯಾನಗಳಿವೆ, ಒಂದು ರಾಷ್ಟ್ರೀಯ, ಇನ್ನೊಂದು ರಾಜ್ಯದ್ದು. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯದು. ನಿಲ್ದಾಣದಿಂದ ನಡೆದು ತಲುಪುವ ದಂಡೆ ರಾಜ್ಯದ ಉದ್ಯಾನದ್ದು. ಅಲ್ಲಿನ ಮೂರು ದಿಬ್ಬಗಳ ಏರು ದಾರಿ ಒಂದೂವರೆ ಮೈಲಿಯಷ್ಟೇ, ಅತಿ ಎತ್ತರದ ಮೌಂಟ್ ಟಾಮ್ 192 ಅಡಿ. ಓದಲು ಸುಲಭ, ಹತ್ತಲು ಕಷ್ಟ: ಸಡಿಲ ಮರಳಿನಲ್ಲಿ ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ತಲೆಗೆ ಒಂದು ಲೀಟರಿನಂತೆ ನೀರು ಒಯ್ಯಿರಿ. ಬಿಸಿಲೇರುವ ಮೊದಲೇ ಹತ್ತಿ, ಜುಲೈ ಮಧ್ಯಾಹ್ನದ ಮರಳು ಬರಿಗಾಲನ್ನು ಸುಡುತ್ತದೆ. ಅಲೆ ಎತ್ತರವಿರುವ ದಿನ ನೀರಿಗೆ ಇಳಿಯಬೇಡಿ. ಇದು ಸರೋವರವೇ ಆದರೂ ಒಳಕ್ಕೆ ಎಳೆಯುವ ಸೆಳವು ಸಮುದ್ರದಷ್ಟೇ ಬಲ. ಅದೇ ರೈಲಿನ ಕೊನೆಯ ಊರು ಸೌತ್ ಬೆಂಡ್‌ಗೆ ಮುಂದುವರಿದರೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ವೇಳಾಪಟ್ಟಿಯಲ್ಲಿ ಯಾವ ಕಾಲಮಾನ ಬರೆದಿದ್ದಾರೆ ಎಂದು ನೋಡಿಯೇ ವಾಪಸಿನ ರೈಲು ಗೊತ್ತು ಮಾಡಿ.

ಕಾಲ, ಬಟ್ಟೆ, ಬುತ್ತಿ

ಮೇ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಸುತ್ತಾಟದ ಕಾಲ. ಎಲೆ ಬಣ್ಣಕ್ಕೆ ತಿರುಗುವುದು ಅಕ್ಟೋಬರ್ ಮಧ್ಯದಲ್ಲಿ, ಆಗ ಲೈಲ್‌ನ 1,700 ಎಕರೆಯ ಮರಗಳ ತೋಟ ಮಾರ್ಟನ್ ಅರ್ಬೊರೇಟಮ್‌ಗೆ ಹೋಗಿ, ಟಿಕೆಟ್ ಮುಂಗಡ ತೆಗೆಯಿರಿ. ಸರೋವರದ ನೀರು ನಿಧಾನವಾಗಿ ಬಿಸಿಯಾಗುವುದರಿಂದ ಮೇ, ಜೂನ್‌ನಲ್ಲೂ ಮಧ್ಯಾಹ್ನದ ಗಾಳಿ ತಣ್ಣಗಿರುತ್ತದೆ. ನೇಪರ್‌ವಿಲ್‌ನಲ್ಲಿ ಬೆವರುವ ದಿನ ಎವನ್‌ಸ್ಟನ್‌ನ ದಂಡೆಯಲ್ಲಿ ಸ್ವೆಟರ್ ಬೇಕಾಗಬಹುದು.

ಚಿಕ್ಕ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಪಿಜ್ಜಾ, ಸಲಾಡ್, ಫ್ರೈಸ್ ಅಷ್ಟೇ ಇರಬಹುದು. ಚಿತ್ರಾನ್ನ, ಚಪಾತಿ ಪಲ್ಯ ಕಟ್ಟಿಕೊಂಡರೆ ಕೂತು ತಿನ್ನಲು ನದಿ ದಂಡೆಯ ಮೇಜುಗಳಿವೆ. ಹೈಲೆಂಡ್ ಪಾರ್ಕಿನಲ್ಲಿ 1904ರಲ್ಲಿ ತೆರೆದ ರವೀನಿಯಾ ಉದ್ಯಾನದ ಬೇಸಿಗೆ ಸಂಗೀತೋತ್ಸವದಲ್ಲಂತೂ ಹುಲ್ಲಿನ ಮೇಲೆ ಚಾಪೆ ಹಾಸಿ ಮನೆ ಬುತ್ತಿ ಬಿಚ್ಚುವುದೇ ರೂಢಿ. ಕಛೇರಿ ಇರುವ ದಿನ ರೈಲು ಗೇಟಿನ ಮುಂದೆಯೇ, ರವೀನಿಯಾ ಪಾರ್ಕ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಕಛೇರಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಪ್ಲಾಟ್‌ಫಾರ್ಮಿಗೆ ನುಗ್ಗುತ್ತಾರೆ, ಕೊನೆಯ ಹಾಡಿನ ಹೊತ್ತಿಗೆ ಚಾಪೆ ಮಡಿಸಿಟ್ಟುಕೊಂಡಿದ್ದರೆ ಸೀಟು ಸಿಗುತ್ತದೆ.